ಟೇಪಕ್ಕನ ಅಳತೆ ತಪ್ಪಿದ ಕೋಟು

ಹೊಲಿಸಿದ ಬಟ್ಟೆ ಮೈಗೆ ಸರಿಹೋಗದಿದ್ದರೆ ಯಾರನ್ನು ಬೈಯುತ್ತೀರಿ? ಟೈಲರನ್ನು ತಾನೆ? ಭುಜ ಹಿಡಿಯಿತು, ತೋಳು ಗಿಡ್ಡವಾಯಿತು, ಹೇಳಿದ ದಿನಕ್ಕೆ ಕೊಡಲಿಲ್ಲ, ಉಳಿದ ತುಂಡು ಬಟ್ಟೆ ಎಲ್ಲಿಗೆ ಹೋಯಿತೋ ದೇವರಿಗೇ ಗೊತ್ತು. ಬೈಸಿಕೊಳ್ಳುವುದು ಟೈಲರುಗಳ ಹಣೆಬರಹ.

ಆದರೆ ಟೇಪಕ್ಕನನ್ನು ಹಾಗೆ ಬೈದವರು ಆ ಬೀದಿಯಲ್ಲಿ ಒಬ್ಬರೂ ಇರಲಿಲ್ಲ. ಮನೆಯ ಮುಂದಿನ ಕೋಣೆಯೇ ಆಕೆಯ ಅಂಗಡಿ. ಕಿಟಕಿಗೆ ಒತ್ತಿಕೊಂಡು ಹೊಲಿಗೆ ಮಿಷನ್ನು, ಗೋಡೆಯುದ್ದಕ್ಕೆ ಕತ್ತರಿಸುವ ಮೇಜು, ಮೂಲೆಯಲ್ಲಿ ಆಳೆತ್ತರದ ಕನ್ನಡಿ, ಬೀದಿಗೆ ತೆರೆಯುವ ಒಂದೇ ಬಾಗಿಲು. ಅಳತೆಯ ಟೇಪು ಬೆಳಿಗ್ಗೆ ಕೊರಳಿಗೆ ಬಿದ್ದರೆ ಮಲಗುವಾಗಲೇ ಇಳಿಯುವುದು. ಒಮ್ಮೆ ಯಾರದೋ ಮದುವೆಗೂ ಹಾಗೇ ಹೋಗಿ ಊಟ ಮಾಡಿ ಬಂದಿದ್ದಳು. ಅದಕ್ಕೇ ಆ ಹೆಸರು. ಟೇಪು ಹಿಡಿದು, ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಗೀಟೆಳೆದು ಕತ್ತರಿ ಹಾಕಿದಳೆಂದರೆ ಮುಗಿಯಿತು, ಮತ್ತೆ ಬಿಚ್ಚುವ ಮಾತಿಲ್ಲ. ಜನ ಹಾಗೆ ಹೊಗಳಿದರೆ ಕೇಳಿಸದವಳಂತೆ ಪೆಡಲನ್ನು ಇನ್ನಷ್ಟು ಜೋರಾಗಿ ತುಳಿಯುತ್ತಿದ್ದಳು. ಕೇಳಿಸುತ್ತಿತ್ತು, ಚೆನ್ನಾಗಿಯೇ ಕೇಳಿಸುತ್ತಿತ್ತು.

ಬಿಚ್ಚಿ ಹೊಲಿದದ್ದು ಒಂದೇ ಸಲ, ಅದೂ ತನ್ನದೇ ಬಟ್ಟೆಗಳನ್ನು. ಯಜಮಾನರು ತೀರಿಕೊಂಡ ವರ್ಷ ಆಕೆಯ ಬಟ್ಟೆಯೆಲ್ಲ ಭುಜದಲ್ಲಿ ಬಿಗಿಯಾಗಿಬಿಟ್ಟವು. "ಗಂಡ ಹೋದರೆ ಯಾರಾದ್ರೂ ಸೊರಗ್ತಾರೆ, ನೀನು ಮೈ ತುಂಬ್ಕೊಂಡ್ಯಲ್ಲೇ!" ಎಂದು ಎದುರು ಮನೆಯಾಕೆ ಎಲ್ಲರ ಮುಂದೆ ನಕ್ಕಿದ್ದಳು. ಟೇಪಕ್ಕನಿಗೆ ಆಗ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತ್ತು. ಆ ವಿಷಯ ಸದ್ಯಕ್ಕೆ ಇರಲಿ.

ಈ ಕಥೆ ಆಕೆಯ ಸೊಸೆಯ ಕೋಟಿನದು.

ಸೊಸೆ ಬ್ರೆಡ್ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸದವಳು. ಚುರುಕು ಹುಡುಗಿ. ಬ್ರೆಡ್ ಸಾಗಿಸುವ ಯಾವ ಬೆಲ್ಟು ಯಾವಾಗ ನಿಲ್ಲುತ್ತದೆ, ಯಾರಿಗೆ ಯಾವ ಕೆಲಸ ಕೊಟ್ಟರೆ ಜಗಳವಿಲ್ಲದೆ ಆಗುತ್ತದೆ, ಎಲ್ಲ ಬಲ್ಲವಳು. ಅವಳನ್ನು ಇಡೀ ವಿಭಾಗಕ್ಕೆ ಮೇಲ್ವಿಚಾರಕಿ ಮಾಡುತ್ತೇವೆಂದು ಕಾರ್ಖಾನೆಯವರು ಹೇಳಿದರು. ಸೋಮವಾರದಿಂದ ಹೊಸ ಕೆಲಸ. ಮೇಲ್ವಿಚಾರಕರೆಲ್ಲ ನೀಲಿ ಕೋಟು ತೊಡಬೇಕು, ಬಟ್ಟೆಯನ್ನು ಕಾರ್ಖಾನೆಯವರೇ ಕೊಡುತ್ತಾರೆ, ಹೊಲಿಸಿಕೊಳ್ಳುವುದು ಅವರವರ ಪಾಡು.

"ಮನೇಲಿ ಟೈಲರನ್ನ ಇಟ್ಕೊಂಡು ಹೊರಗೆ ಹೊಲಿಸ್ತಾರಾ? ಬಾ ಇಲ್ಲಿ, ನಿಂತ್ಕೋ" ಎಂದಳು ಟೇಪಕ್ಕ. ಸೊಸೆಯ ಮೇಲೆ ಆಕೆಗೆ ಒಳಗೊಳಗೇ ಹೆಮ್ಮೆ. ಅತ್ತೆಯಾದವಳು ಅದನ್ನು ಬಾಯಿಬಿಟ್ಟು ಹೇಳುವುದುಂಟೇ? ಕೋಟು ಹೊಲಿದುಕೊಟ್ಟರೆ ಹೇಳಿದಂತೆಯೇ ಆಯಿತು.

ಅಳತೆ ತೆಗೆಯುವಾಗ ಮಗ ಬಾಗಿಲಲ್ಲಿ ನಿಂತಿದ್ದ. ಎರಡು ಕೈಯನ್ನೂ ಚೌಕಟ್ಟಿನ ಎರಡು ಕಡೆಗೆ ಊರಿದ್ದ. ಬೆರಳಿಗೆ ಸಿಕ್ಕಿಸಿದ ಬೈಕಿನ ಕೀಲಿಗೊಂಚಲು ಮರಕ್ಕೆ ತಾಗಿ ಕಿಣಿಕಿಣಿ ಎನ್ನುತ್ತಿತ್ತು.

"ಅಳೆಯಮ್ಮಾ, ಚೆನ್ನಾಗಿ ಅಳೆ. ದೊಡ್ಡ ಮೇಡಂ ಆಗ್ತಿದ್ದಾರಲ್ಲ" ಎಂದು ನಕ್ಕ. ಸೊಸೆಯೂ ನಕ್ಕಳು. ಟೇಪಕ್ಕನೂ ನಕ್ಕಳು.

ಮಗನ ಬಗ್ಗೆ ಹೇಳಬೇಕಲ್ಲ. ಔಷಧಿ ಅಂಗಡಿಯಲ್ಲಿ ಕೆಲಸ. ವಯಸ್ಸಾದವರ ಮಾತ್ರೆಯನ್ನು ತಾನೇ ಮನೆಗೆ ಮುಟ್ಟಿಸುವವನು, ಕುಡಿತವಿಲ್ಲ, ಬೀಡಿ ಸಿಗರೇಟಿಲ್ಲ, ದನಿ ಏರಿಸಿ ಮಾತಾಡಿದ್ದನ್ನು ಯಾರೂ ಕೇಳಿಲ್ಲ. ಬೀದಿಯ ತಾಯಂದಿರು ತಮ್ಮ ಮಕ್ಕಳಿಗೆ "ಅವನನ್ನ ನೋಡಿ ಕಲಿ" ಎನ್ನುತ್ತಿದ್ದರು. ಹೆತ್ತವಳಿಗೆ ಹೆಗ್ಗಣವೂ ಮುದ್ದು ಎನ್ನುತ್ತಾರೆ, ಇವನಂತೂ ಊರಿಗೆಲ್ಲ ಮುದ್ದು. ಟೇಪಕ್ಕನ ಸಂತೋಷಕ್ಕೆ ಕೇಳಬೇಕೆ?

ಕೋಟು ತಯಾರಾಯಿತು. ಸೊಸೆ ಅದನ್ನು ಕಾರ್ಖಾನೆಗೆ ಒಯ್ದು ತೊಟ್ಟು ನೋಡಿ, ಸಂಜೆ ಮುಖ ಚಿಕ್ಕದು ಮಾಡಿಕೊಂಡು ಬಂದಳು.

"ಅತ್ತೆ, ತಪ್ಪು ತಿಳ್ಕೋಬೇಡಿ. ಭುಜದಲ್ಲಿ ಹಿಡಿಯುತ್ತೆ. ಮೇಲಿನ ಶೆಲ್ಫಿಗೆ ಕೈ ಎತ್ತೋಕೂ ಆಗಲ್ಲ."

"ನಾನು ಹೊಲಿದದ್ದಾ? ಹಿಡಿಯುತ್ತಾ?" ಟೇಪಕ್ಕ ಮಿಷನ್ನು ನಿಲ್ಲಿಸಿದಳು. "ಹಾಕು ನೋಡೋಣ."

ಸೊಸೆ ಕನ್ನಡಿಯ ಮುಂದೆ ಕೋಟು ತೊಟ್ಟಳು. ಮಗ ಆಗಷ್ಟೇ ಬಂದು ಬಾಗಿಲಿಗೆ ಒರಗಿದ್ದ. ಕೋಟು ಅಚ್ಚು ಹಾಕಿದಂತೆ ಕೂತಿತ್ತು. ಎಲ್ಲೂ ಒಂದು ಸುಕ್ಕಿಲ್ಲ.

"ಎಲ್ಲಿ ಹಿಡಿಯುತ್ತೆ ತೋರಿಸು!"

ಸೊಸೆ ಕನ್ನಡಿ ನೋಡಿಕೊಂಡಳು. "ಈಗ... ಸರಿಯಾಗೇ ಇದೆ ಅತ್ತೆ."

"ಕಾರ್ಖಾನೇಲಿ ಬಿಗಿ, ಮನೇಲಿ ಸರಿ! ಅಲ್ಲಿ ಬ್ರೆಡ್ ಉಬ್ಬೋ ಹಾಗೆ ನೀನೂ ಉಬ್ಬುತ್ತೀಯಾ?"

ಮಗ ಗಹಗಹಿಸಿ ನಕ್ಕ. "ಬಿಡಮ್ಮಾ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆ ಕೆಲಸ ಮಾಡೋಕೆ ಭಯ ಇವಳಿಗೆ, ಕೋಟಿನ ಮೇಲೆ ಹಾಕ್ತಾಳೆ." ನಗುತ್ತಲೇ ಹೆಂಡತಿಯ ಮುಖವನ್ನು ದಿಟ್ಟಿಸಿದ. ಅವಳು ಕಣ್ಣು ಕೆಳಗೆ ಮಾಡಿ ಕೋಟಿನ ಗುಂಡಿ ಬಿಚ್ಚತೊಡಗಿದಳು.

ಮಾರನೆಯ ಸಂಜೆ ನರ್ಸಮ್ಮ ಬಂದರು. ಪಕ್ಕದ ಆರೋಗ್ಯ ಕೇಂದ್ರದವರು, ಟೇಪಕ್ಕನಿಗೆ ಹಳೆಯ ಗಿರಾಕಿ, ಹಳೆಯ ಸ್ನೇಹಿತೆ. ಮಕ್ಕಳಿಗೆ ಲಸಿಕೆ ಹಾಕಿಸುವುದರಿಂದ ಹಿಡಿದು ಕುಡುಕರ ಮನೆಯ ಪಂಚಾಯಿತಿಯವರೆಗೆ ಎಲ್ಲದಕ್ಕೂ ಜನ ಕರೆಯುವುದು ಅವರನ್ನೇ. ಅವರ ಸಮವಸ್ತ್ರದ ಅಂಚಿನ ಹೊಲಿಗೆ ಬಿಟ್ಟಿತ್ತು. ಟೇಪಕ್ಕ ಅದನ್ನು ಹೊಲಿಯುತ್ತಿದ್ದಾಗ ಸೊಸೆ ಕೆಲಸ ಮುಗಿಸಿ ಬಂದಳು.

"ಇನ್ನೊಂದು ಸಲ ಅಳೆದುಬಿಡ್ತೀನಿ ಬಾರೇ. ಟೇಪಕ್ಕನ ಮಾನದ ಪ್ರಶ್ನೆ" ಎಂದಳು ಟೇಪಕ್ಕ.

ಸೊಸೆ ನಿಂತಳು. ಆ ದಿನ ಕಾರ್ಖಾನೆಯಲ್ಲಿ ಯಾರೋ ಲೇಬಲ್ಲು ಅಂಟಿಸುವ ಯಂತ್ರಕ್ಕೆ ಕೈ ತಾಗಿಸಿ, ಮೊಣಕೈಗೆ 'ತಾಜಾ ಬ್ರೆಡ್' ಎಂದು ಅಂಟಿಸಿಕೊಂಡು ಇಡೀ ದಿನ ತಿರುಗಿದ ಕಥೆ ಹೇಳುತ್ತಿದ್ದಳು. ನರ್ಸಮ್ಮ ಬಿದ್ದು ಬಿದ್ದು ನಗುತ್ತಿದ್ದರು. ಟೇಪಕ್ಕ ಬೆನ್ನ ಹಿಂದೆ ನಿಂತು, ಒಂದು ಭುಜದ ತುದಿಯಿಂದ ಇನ್ನೊಂದರ ತುದಿಗೆ ಟೇಪು ಹಿಡಿದಳು. ಅರೆ, ಹೌದಲ್ಲ! ಕೋಟಿಗಿಂತ ಅಗಲವೇ ಇದೆ. ಟೇಪು ತಂತಿಯಂತೆ ಬಿಗಿಯಾಗಿ ನಿಂತಿತ್ತು.

ಹೊರಗೆ ಬೈಕು ನಿಂತ ಸದ್ದಾಯಿತು. ಆಮೇಲೆ ಕಿಣಿಕಿಣಿ.

ಟೇಪಕ್ಕನ ಕೈಯಲ್ಲಿ ಟೇಪು ಜೋತುಬಿತ್ತು.

ಆಕೆ ಕೈ ಅಲುಗಿಸಿರಲಿಲ್ಲ. ಬೆರಳುಗಳು ಸೊಸೆಯ ಭುಜದ ಮೂಳೆಯ ಮೇಲೆಯೇ ಇದ್ದವು. ಆ ಮೂಳೆಗಳೇ ಒಳಕ್ಕೆ ಬಂದಿದ್ದವು. ಮಗ ಇನ್ನೂ ಒಂದು ಮಾತಾಡಿಲ್ಲ, ಒಳಗೆ ಕಾಲಿಟ್ಟಿಲ್ಲ. ಕಥೆ ಅರ್ಧಕ್ಕೇ ನಿಂತಿತ್ತು. ಸೊಸೆಯ ಬೆನ್ನು, ಮುಟ್ಟಿದರೆ ಮುದುಡುವ ಹುಳುವಿನಂತೆ ಮುದುಡಿತ್ತು.

"ಏನು, ಭಾರಿ ನಗು ಕೇಳಿಸ್ತಿತ್ತು. ನಾನು ಬಂದ ತಕ್ಷಣ ನಿಂತೇಹೋಯ್ತಲ್ಲ?" ಎಂದ ಮಗ, ಬಾಗಿಲ ತುಂಬ ನಿಂತು.

"ಏನಿಲ್ಲ, ಸುಮ್ನೆ" ಎಂದಳು ಸೊಸೆ. ಒಳಗೆ ಹೋಗಿಬಿಟ್ಟಳು.

ಟೇಪಕ್ಕ ತಲೆ ಎತ್ತಿದಾಗ ನರ್ಸಮ್ಮ ಜೋತುಬಿದ್ದ ಟೇಪನ್ನೇ ನೋಡುತ್ತಿದ್ದರು. ಬಟ್ಟೆ ತೆಗೆದುಕೊಂಡು ಹೊರಟರು. ಮಗ ಔಷಧಿ ಅಂಗಡಿಗೆ ಹೋದ ಮೇಲೆ, ಮರುದಿನ ಬೆಳಿಗ್ಗೆ, ಅಂಚು ಸರಿಯಾಗಿಲ್ಲವೆಂಬ ನೆಪ ಮಾಡಿಕೊಂಡು ಮತ್ತೆ ಬಂದರು.

"ಟೇಪಕ್ಕ, ಅಳತೆ ತಪ್ಪಿದ್ದು ನಿಮ್ಮದಲ್ಲ ಅಂತ ನಿಮಗೂ ಗೊತ್ತಾಯ್ತು ಅಲ್ವಾ?"

"ಏನು ಗೊತ್ತಾಯ್ತು? ಅವಳು ನೆಟ್ಟಗೆ ನಿಲ್ಲಲ್ಲ, ಅಷ್ಟೆ."

"ಯಾರು ಬಂದಾಗ ನೆಟ್ಟಗೆ ನಿಲ್ಲಲ್ಲ?"

ಟೇಪಕ್ಕನಿಗೆ ರೇಗಿತು. "ನೋಡಿ ನರ್ಸಮ್ಮ, ನೀವು ಊರಿನ ಮನೆಗಳನ್ನ ನೋಡಿ ನೋಡಿ ಎಲ್ಲ ಕಡೆ ಅದನ್ನೇ ಹುಡುಕ್ತೀರಿ. ನನ್ನ ಮಗ ಒಂದು ದಿನ ಹೆಂಡತಿ ಮೇಲೆ ಕೈ ಎತ್ತಿದವನಲ್ಲ. ಕೆಟ್ಟ ಮಾತು ಆಡಿದವನಲ್ಲ. ನಿಂತಿದ್ದ ಅಷ್ಟೆ. ಮನೆ ಬಾಗಿಲಲ್ಲಿ ನಿಲ್ಲೋದೂ ತಪ್ಪಾ?"

"ನಿಲ್ಲೋದು ತಪ್ಪಲ್ಲ. ಅವಳು ದಾಟಿ ಹೋಗಬೇಕಾದಾಗ ಸರೀತಾನಾ?"

ಟೇಪಕ್ಕ ಸೂಜಿಗೆ ನೂಲು ಪೋಣಿಸತೊಡಗಿದಳು.

"ಹೊಡೆಯೋದು ಕಣ್ಣಿಗೆ ಕಾಣುತ್ತೆ, ಬಾವು ಬರುತ್ತೆ, ಅದಕ್ಕೆ ನನ್ನ ಹತ್ರ ಮುಲಾಮಿದೆ" ಎಂದರು ನರ್ಸಮ್ಮ. "ಇದು ಹಾಗಲ್ಲ. ಬಾಯಲ್ಲಿ ಒಂದು ಕೆಟ್ಟ ಮಾತಿರಲ್ಲ, ಮೈಯೇ ಮಾತಾಡುತ್ತೆ. ದಾರಿಗೆ ಅಡ್ಡ ನಿಲ್ಲೋದು. ಕೂತವರ ತಲೆ ಮೇಲೆ ಬಂದು ನಿಲ್ಲೋದು. ಮಾತು ಬಿಟ್ಟು, ರೆಪ್ಪೆ ಮಿಟುಕಿಸದೆ ನೋಡ್ತಾ ಇರೋದು. ಲೋಟಾನ ಮೇಜಿನ ಮೇಲೆ ಕುಕ್ಕೋದು. ಅವಳು 'ಯಾಕೆ ಹೀಗೆ' ಅಂದ್ರೆ, 'ನಾನೇನು ಮಾಡಿದೆ? ಸುಮ್ನೆ ಇದ್ದೆನಲ್ಲ' ಅನ್ನೋದು. ಕೊನೆಗೆ ತಪ್ಪು ಅವಳದ್ದೇ ಆಗುತ್ತೆ."

"ಕೋಪ ಯಾರಿಗೆ ಬರಲ್ಲ? ನನಗೂ ಬರುತ್ತೆ. ಕತ್ತರಿ ಎಸೆದಿದ್ದೂ ಇದೆ."

"ಎಲ್ಲರಿಗೂ ಬರುತ್ತೆ. ಬಂದು ಹೋಗುತ್ತೆ, ಆಮೇಲೆ ಕ್ಷಮಿಸು ಅಂತೀವಿ. ಇದು ಬಂದು ಹೋಗೋದಲ್ಲ. ಅವಳು ತನ್ನ ಇಷ್ಟ ಹೇಳಿದಾಗಲೆಲ್ಲ ಬರುತ್ತೆ. ಅವಳು ಸುಮ್ಮನಾದ ತಕ್ಷಣ ಹೋಗುತ್ತೆ. ಇನ್ನೊಂದು ಕೇಳ್ತೀನಿ. ಅಂಗಡಿ ಮಾಲೀಕರ ದಾರಿಗೆ ಅಡ್ಡ ನಿಂತು ಹೀಗೆ ಕೀಲಿ ಅಲ್ಲಾಡಿಸ್ತಾನಾ ನಿಮ್ಮ ಮಗ?"

"ಮಾಲೀಕರ ಮುಂದೆ ಯಾರಾದ್ರೂ..." ಎಂದವಳು ಅರ್ಧಕ್ಕೇ ನಿಲ್ಲಿಸಿದಳು.

"ಅಲ್ಲಿ ತಡೆದುಕೊಳ್ಳೋಕೆ ಬರುತ್ತೆ ಅಂದಮೇಲೆ ಇಲ್ಲೂ ಬರುತ್ತೆ. ನಾನು ಹೇಳಿದೆ ಅಂತ ಒಪ್ಕೋಬೇಡಿ. ನಿಮ್ಮ ಕಣ್ಣಿಗಿಂತ ಚುರುಕು ಕಣ್ಣು ಈ ಬೀದೀಲಿ ಯಾರಿಗಿದೆ? ಒಂದು ದಿನ ನೋಡಿ."

ನರ್ಸಮ್ಮ ಹೋದ ಮೇಲೂ ಟೇಪಕ್ಕ ಗೊಣಗುತ್ತಲೇ ಇದ್ದಳು. ಆದರೆ ಒಂದು ಮಾತು ಹೇಳಲೇಬೇಕು. ಬೇರೆಯವರಾಗಿದ್ದರೆ ಆ ನರ್ಸಮ್ಮನನ್ನು ಮತ್ತೆ ಹೊಸ್ತಿಲು ತುಳಿಯಗೊಡುತ್ತಿರಲಿಲ್ಲ. ಟೇಪಕ್ಕ ನೋಡಲು ಒಪ್ಪಿದಳು. ಹೆತ್ತ ಮಗನನ್ನು ಹಾಗೆ ನೋಡಲು ಎಂಥ ಗುಂಡಿಗೆ ಬೇಕು ಯೋಚಿಸಿ.

ಅಂದು ಸಂಜೆ ಮೂವರೂ ಊಟಕ್ಕೆ ಕೂತರು. ಸೊಸೆ ಮೆಲ್ಲಗೆ ಮಾತು ತೆಗೆದಳು. "ಸೋಮವಾರದಿಂದ ಬೆಳಿಗ್ಗೆ ಬೇಗ ಹೊರಡಬೇಕು. ಮೊದಲನೇ ಬಸ್ಸು."

ಮಗ ನೀರಿನ ಲೋಟವನ್ನು ನಿಧಾನವಾಗಿ ಕೆಳಗಿಟ್ಟ. ಎದ್ದ. ಸುತ್ತಿ ಬಂದು ಅವಳ ಕುರ್ಚಿಯ ಹಿಂದೆ ನಿಂತ. ಎರಡು ಕೈಯನ್ನೂ ಅವಳ ತಟ್ಟೆಯ ಆಚೆ ಈಚೆ ಮೇಜಿಗೆ ಊರಿ, ಅವಳ ತಲೆಯ ಮೇಲೆ ಬಾಗಿದ. ಮುಖದಲ್ಲಿ ನಗು.

"ಹೇಳು, ಕೇಳ್ತಿದೀನಿ."

"ಏನಿಲ್ಲ. ಆ ಕೆಲಸ... ಬೇಡ ಅಂತಾನೂ ಯೋಚನೆ ಮಾಡ್ತಿದ್ದೆ. ನಂಗೆ ಆಗಲ್ವೇನೋ."

"ನಿನ್ನಿಷ್ಟಪ್ಪ. ನಾನೇನು ಬೇಡ ಅಂದ್ನಾ? ಕೇಳಿದ್ಯಾ ಅಮ್ಮ, ನಾನು ಬೇಡ ಅಂದಿಲ್ಲ." ಕೈ ತೆಗೆದು, ಸಿಳ್ಳೆ ಹಾಕುತ್ತ ಕೈ ತೊಳೆಯಲು ಹೋದ.

ಟೇಪಕ್ಕನ ಕಣ್ಣು ಈಗ ಮಗನ ಮೇಲಿರಲಿಲ್ಲ. ತನ್ನನ್ನೇ ನೋಡಿಕೊಂಡಳು. ಅವನು ಎದ್ದು ನಿಂತಾಗ ತಾನು ಎರಡು ಕಾಲನ್ನೂ ಕುರ್ಚಿಯಡಿಗೆ ಎಳೆದುಕೊಂಡಿದ್ದಳು. ತಟ್ಟೆಯನ್ನು ಹತ್ತಿರಕ್ಕೆ ಸರಿಸಿಕೊಂಡಿದ್ದಳು. ಭುಜಗಳೆರಡೂ ಒಳಗೆ ಬಂದಿದ್ದವು. ಯಾರೂ ಹೇಳಿಕೊಡದ ಆ ಕೂರುವ ಕ್ರಮ ಆಕೆಯ ಮೈಗೆ ಬಹಳ ಹಳೆಯದು. ಯಜಮಾನರೂ ಹೊಡೆದವರಲ್ಲ. ಗಂಟಲು ಸರಿಮಾಡಿಕೊಳ್ಳುತ್ತಿದ್ದರು, ಅಷ್ಟೆ. ಆ ಸದ್ದು ಕೇಳಿದರೆ ಆಕೆ ಹೇಳಬೇಕೆಂದಿದ್ದ ಮಾತನ್ನು ನುಂಗಿ ಮಿಷನ್ನಿನ ಮುಂದೆ ಹೋಗಿ ಕೂರುತ್ತಿದ್ದಳು. ತನ್ನ ಬಟ್ಟೆಗೆ ಅಳತೆ ತೆಗೆದುಕೊಂಡದ್ದೂ ಅದೇ ಕೋಣೆಯಲ್ಲಿ, ಅವರು ಕುರ್ಚಿ ಹಾಕಿಕೊಂಡು ನೋಡುತ್ತಿದ್ದಾಗಲೇ.

ಅವರು ಹೋದ ವರ್ಷ ಬಟ್ಟೆಯೆಲ್ಲ ಬಿಗಿಯಾದದ್ದು ಯಾಕೆಂದು ಟೇಪಕ್ಕನಿಗೆ ಆಗ ತಿಳಿಯಿತು. ಆಕೆ ದಪ್ಪಗಾಗಿರಲಿಲ್ಲ. ಭುಜಗಳು ತಮ್ಮ ಜಾಗಕ್ಕೆ ವಾಪಸು ಬಂದಿದ್ದವು.

ನೂಲಿನಂತೆ ಸೀರೆ ಎನ್ನುತ್ತಾರೆ. ಬಾಗಿಲಲ್ಲಿ ನಿಲ್ಲುವುದನ್ನು ಆ ಹುಡುಗ ಯಾರನ್ನು ನೋಡಿ ಕಲಿತ? ಆಕೆ ತಟ್ಟೆಯನ್ನು ತಳ್ಳಿ ಎದ್ದುಬಿಟ್ಟಳು. ಅಂದು ಅತ್ತಳು ಕೂಡ. ಗಂಡ ಸತ್ತಾಗ ಅತ್ತದ್ದಕ್ಕಿಂತ ಹೆಚ್ಚೇ ಅತ್ತಳು.

ಬೆಳಿಗ್ಗೆ ಮಗ ಹೊರಟ ಮೇಲೆ ಸೊಸೆಯನ್ನು ಅಂಗಡಿಗೆ ಕರೆದು ಬಾಗಿಲು ಹಾಕಿದಳು. ನರ್ಸಮ್ಮನೂ ಬಂದಿದ್ದರು.

"ಆ ಕೆಲಸ ನಿಜವಾಗ್ಲೂ ಬೇಡ್ವಾ ನಿಂಗೆ?"

"ನಂಗೇ ಧೈರ್ಯ ಸಾಲ್ದು ಅತ್ತೆ. ಅವರು ಏನೂ ಮಾಡಿಲ್ಲ."

"ಏನು ಮಾಡಿದ ಅಂತ ನಾನು ನೋಡಿದೆ ಕಣೇ." ಟೇಪಕ್ಕ ಸೊಸೆಯ ಕೈ ಹಿಡಿದುಕೊಂಡಳು. "ನಿಂಗೆ ಹುಚ್ಚು ಹಿಡಿದಿಲ್ಲ. ನೀನು ಸೂಕ್ಷ್ಮ ಅಲ್ಲ, ಹೆದರುಪುಕ್ಕಲಿಯೂ ಅಲ್ಲ. ನಾನು ನೋಡಿದೆ."

ಸೊಸೆ ಒಮ್ಮೆ ಅತ್ತೆಯ ಮುಖ, ಒಮ್ಮೆ ನರ್ಸಮ್ಮನ ಮುಖ ನೋಡಿದಳು. ಆಮೇಲೆ ಅವಳ ಬಾಯಿಂದ ಮಾತು ಕಟ್ಟೆಯೊಡೆದ ನೀರಿನಂತೆ ಬಂತು. ಕೀಲಿಯ ಸದ್ದು ಬಂದರೆ ಫೋನ್ ಇಟ್ಟುಬಿಡುವುದು. ಅವನು ಮಾತು ಬಿಟ್ಟು ಬರೇ ನೋಡುತ್ತ ಕೂತರೆ, ಮಾಡದ ತಪ್ಪಿಗೂ ಕ್ಷಮೆ ಕೇಳುವುದು. "ಹೊಡೆದಿದ್ರೆ ಯಾರಿಗಾದ್ರೂ ಹೇಳಬಹುದಿತ್ತು. ಇದನ್ನ ಏನಂತ ಹೇಳಲಿ? ನಿಂತಿದ್ರು ಅನ್ನಲಾ? ನೋಡಿದ್ರು ಅನ್ನಲಾ? ನಗ್ತಾರೆ ಎಲ್ಲರೂ."

"ನಾವು ನಗಲ್ಲ" ಎಂದರು ನರ್ಸಮ್ಮ. "ಈಗ ನಾನು ಇದು ಮಾಡಿ ಅದು ಮಾಡಿ ಅಂತ ಹೇಳಲ್ಲ. ನಿಮಗೇನು ಬೇಕು, ಅದನ್ನ ಹೇಳಿ."

ಸೊಸೆ ಕಣ್ಣೊರೆಸಿಕೊಂಡು ಗೋಡೆಯ ಮೊಳೆಗೆ ತೂಗುಹಾಕಿದ್ದ ನೀಲಿ ಬಟ್ಟೆಯ ಕಡೆ ನೋಡಿದಳು. "ಆ ಕೋಟು ಬೇಕು" ಎಂದಳು.

ಹಾಗೆಂದು ಅವರು ಅವನು ಬಂದ ತಕ್ಷಣ ಎದುರು ನಿಂತು ಜಗಳಕ್ಕಿಳಿಯಲಿಲ್ಲ. ಟೇಪಕ್ಕನಿಗೇನೋ ಹಾಗೆ ಮಾಡಬೇಕೆಂದಿತ್ತು. ನರ್ಸಮ್ಮ ತಡೆದರು. ಇಷ್ಟು ದಿನ ಹೆದರುತ್ತಿದ್ದವರು ಹೆದರದೆ ಇದ್ದಾಗಲೇ ಕೆಲವರು ನೋಟ ಬಿಟ್ಟು ಕೈ ಎತ್ತುತ್ತಾರೆ, ಒಂಟಿಯಾಗಿ, ಮುಚ್ಚಿದ ಕೋಣೆಯಲ್ಲಿ ಈ ಮಾತು ಎತ್ತಬಾರದು ಎಂದರು. ಸೊಸೆ ತನ್ನ ಗುರುತಿನ ಚೀಟಿ, ಓದಿನ ಕಾಗದಗಳನ್ನು ಅಕ್ಕನ ಮನೆಯಲ್ಲಿಟ್ಟು ಬಂದಳು. ಮಹಿಳಾ ಸಹಾಯವಾಣಿಯ ನಂಬರನ್ನು ಬಾಯಿಪಾಠ ಮಾಡಿದಳು. ಮನೆ ಬಿಡಬೇಕಾಗಿ ಬಂದರೆ ನೇರ ಅಕ್ಕನ ಮನೆಗೆ, ಯಾವ ಹೊತ್ತಾದರೂ ಸರಿ ಎಂದು ಮಾತಾಯಿತು.

ಟೇಪಕ್ಕ ಅದೇ ದಿನ ಕೋಟಿನ ಭುಜ ಬಿಚ್ಚಿದಳು. ಬಾಗಿಲು ಹಾಕಿ, ಸೊಸೆಗೆ ಆ ಲೇಬಲ್ಲಿನ ಕಥೆಯನ್ನು ಮತ್ತೊಮ್ಮೆ ಹೇಳಿಸಿ, ಅವಳು ನಗುತ್ತಿರುವಾಗ ಅಳತೆ ತೆಗೆದಳು.

ಸೋಮವಾರ ಬಂತು. ನರ್ಸಮ್ಮ ಬೆಳಿಗ್ಗೆಯೇ ಬಂದು ಒಂದು ಕಿತ್ತುಹೋದ ಗುಂಡಿಯ ನೆಪದಲ್ಲಿ ಸ್ಟೂಲಿನ ಮೇಲೆ ಕೂತಿದ್ದರು. ಸೊಸೆ ಒಳಗಿನಿಂದ ಕೋಟು ತೊಟ್ಟು ಬಂದಳು. ಮಗ ಅವಳಿಗಿಂತ ಮೊದಲೇ ಬಂದು ಬೀದಿ ಬಾಗಿಲಲ್ಲಿ ನಿಂತಿದ್ದ. ಎರಡು ಕೈ ಎರಡು ಕಡೆ. ಕಿಣಿಕಿಣಿ.

"ಬೇಡ ಅಂದಿದ್ದೆಯಲ್ಲ?" ಎಂದ, ನಗುತ್ತ.

ಸೊಸೆ ನಿಂತಳು. ಕೋಟಿನ ಭುಜ ಒಂದಿಷ್ಟು ಸಡಿಲವಾದದ್ದನ್ನು ಟೇಪಕ್ಕ ಕಂಡಳು. ಬಸ್ಸಿಗೆ ಹೊತ್ತಾಗುತ್ತಿದೆ. ಇವತ್ತು ಈ ಹುಡುಗಿ ಒಳಗೆ ತಿರುಗಿ ಹೋದಳೆಂದರೆ ಮತ್ತೆ ಯಾವತ್ತೂ ಈ ಕೋಟು ತೊಡುವವಳಲ್ಲ.

ನರ್ಸಮ್ಮ ಸ್ಟೂಲನ್ನು ಸ್ವಲ್ಪ ಮುಂದಕ್ಕೆ ಎಳೆದುಕೊಂಡರು, ಅಷ್ಟೆ. ಸೊಸೆ ಅವರತ್ತ ನೋಡಿದಳು, ಅತ್ತೆಯತ್ತ ನೋಡಿದಳು. ನೋಡನೋಡುತ್ತಿದ್ದಂತೆ ಆ ಭುಜಗಳು ಹಿಂದಕ್ಕೆ ಬಂದು ಕೋಟು ತುಂಬಿಕೊಂಡವು.

"ದಾರಿ ಬಿಡಿ. ಬಸ್ ಹೋಗುತ್ತೆ" ಎಂದಳು. ದನಿ ನಡುಗಿತು. ನಡುಗಿದರೇನಂತೆ, ಮಾತು ಹೊರಗೆ ಬಂತು.

ಮಗ ನಗು ಬಿಡಲಿಲ್ಲ, ಸರಿಯಲೂ ಇಲ್ಲ. ತಾಯಿಯ ಕಡೆ ತಿರುಗಿದ. "ನೋಡಮ್ಮಾ ಇವಳನ್ನ. ನಾನೇನು ಮಾಡ್ದೆ? ಸುಮ್ನೆ ನಿಂತಿದೀನಿ."

ಟೇಪಕ್ಕ ಮಿಷನ್ನು ಬಿಟ್ಟು ಎದ್ದಳು. ಬಂದು ಸೊಸೆಯ ಪಕ್ಕದಲ್ಲಿ ನಿಂತಳು.

"ಗೊತ್ತು ಮಗಾ. ನಿಮ್ಮಪ್ಪನೂ ಸುಮ್ನೇ ಇರ್ತಿದ್ರು. ನಾನು ಇಡೀ ಜೀವನ ಬಿಗಿ ಬಟ್ಟೆ ಹೊಲ್ಕೊಂಡು ಹಾಕ್ಕೊಂಡೆ." ಆಕೆಯ ಕಣ್ಣಲ್ಲಿ ನೀರಿತ್ತು, ದನಿಯಲ್ಲಿ ಇರಲಿಲ್ಲ. "ಬಾಗಿಲು ಬಿಟ್ಟು ನಿಲ್ಲು."

ಕೀಲಿಯ ಸದ್ದು ನಿಂತಿತು. ತಾಯಿಯ ಬಾಯಿಂದ ಆ ಮಾತು ಬರುತ್ತದೆಂದು ಅವನು ಕನಸಲ್ಲೂ ಎಣಿಸಿರಲಿಲ್ಲ. ಮುಖ ಕೆಂಪಾಯಿತು, ದವಡೆ ಬಿಗಿಯಿತು. ಮೂವರು ಹೆಂಗಸರೂ ಅವನನ್ನೇ ನೋಡುತ್ತಿದ್ದರು. ಎಡಗೈ ಕೆಳಗೆ ಬಂತು. ಆಮೇಲೆ ಬಲಗೈ. ಅವನು ಪಕ್ಕಕ್ಕೆ ಸರಿದ.

ಸೊಸೆ ಹೊಸ್ತಿಲು ದಾಟಿ, ಬೀದಿಯುದ್ದಕ್ಕೂ ನಡೆದು ಹೋದಳು. ಓಡಲಿಲ್ಲ. ತಿರುವಿನಲ್ಲಿ ಬಸ್ಸಿಗೆ ನಿಲ್ಲು ಎನ್ನಲು ಕೈ ಎತ್ತಿದಳು. ಕೈ ತಲೆಯ ಮೇಲಕ್ಕೆ ನೆಟ್ಟಗೆ ಹೋಯಿತು. ಕೋಟು ಎಲ್ಲೂ ಹಿಡಿಯಲಿಲ್ಲ.

ಆಮೇಲೆ ಮಗ ಒಂದೇ ದಿನದಲ್ಲಿ ಬಂಗಾರವಾದ ಎಂದು ಹೇಳಿದರೆ ನೀವೂ ನಂಬುವುದಿಲ್ಲ, ನಾವೂ ಹೇಳುವುದಿಲ್ಲ. ವಾರಗಟ್ಟಲೆ ಮುಖ ಊದಿಸಿಕೊಂಡಿದ್ದ. ಸೊಸೆ ತನ್ನಿಷ್ಟದಿಂದಲೇ ಅಕ್ಕನ ಮನೆಗೆ ಹೋಗಿದ್ದಾಳೆ, ಅಲ್ಲಿಂದಲೇ ಕೆಲಸಕ್ಕೆ ಹೋಗುತ್ತಾಳೆ. ವಾಪಸು ಬರುವುದೋ ಬಿಡುವುದೋ ಅವಳಿಗೆ ಬಿಟ್ಟದ್ದು, ಟೇಪಕ್ಕ ಒಂದು ಸಲವೂ ಬಾ ಎಂದು ಒತ್ತಾಯಿಸಿಲ್ಲ. ನರ್ಸಮ್ಮ ಹೇಳಿದ ಆಪ್ತಸಲಹೆಗಾರರ ಬಳಿಗೆ ಮಗ ಹೋಗುತ್ತಿದ್ದಾನೆ. ಮೊದಲು ತಾಯಿಯ ಬಾಯಿ ಮುಚ್ಚಿಸಲು ಹೋದ. ಈಚೆಗೆ ಒಂದು ದಿನ ಬಂದು, "ಅಪ್ಪ ಗಂಟಲು ಸರಿಮಾಡಿಕೊಂಡ್ರೆ ನಾನು ಮಂಚದಡಿ ಹೋಗ್ತಿದ್ದೆ, ನೆನಪಿದೆಯಾ ಅಮ್ಮಾ?" ಎಂದು ಕೇಳಿದ. ಅಷ್ಟಾದರೂ ಆಯಿತು. ಉಳಿದದ್ದು ಅವನು ಮಾಡಿ ತೋರಿಸಬೇಕು.

ಟೇಪಕ್ಕನ ಅಂಗಡಿಯಲ್ಲೂ ಒಂದು ಹೊಸ ಕ್ರಮ ಬಂದಿದೆ. ಬಾಗಿಲ ಹೊರಗೆ ಒಂದು ಬೆಂಚು ಹಾಕಿಸಿದ್ದಾಳೆ. ಜೊತೆಗೆ ಬಂದವರು ಗಂಡನಾಗಲಿ, ಅತ್ತೆಯಾಗಲಿ, ಅಣ್ಣನಾಗಲಿ, ಅಲ್ಲಿ ಕೂರಬೇಕು. ಅಳತೆ ಕೊಡುವವರು ಮಾತ್ರ ಒಳಗೆ. "ಅದ್ಯಾಕೆ ಹಾಗೆ?" ಎಂದು ಕೇಳಿದರೆ, "ನೀವಿದ್ರೆ ಟೇಪು ಸರಿ ನಿಲ್ಲಲ್ಲ" ಎನ್ನುತ್ತಾಳೆ. ಬಾಗಿಲು ಹಾಕಿದ ಮೇಲೆ ಮೆಲ್ಲಗೆ "ಮನೇಲಿ ಚೆನ್ನಾಗಿದ್ದೀಯಾ ಮಗಳೇ?" ಎಂದು ಕೇಳುತ್ತಾಳೆ. ಎಷ್ಟೋ ಜನ ಚೆನ್ನಾಗಿದ್ದೇನೆ ಎಂದು ನಗುತ್ತಾರೆ. ನಗದವರಿಗೆ ನರ್ಸಮ್ಮನ ಮನೆ ತೋರಿಸುತ್ತಾಳೆ. ಈ ವಯಸ್ಸಿನಲ್ಲಿ, ತನ್ನ ಹೊಲಿಗೆಯನ್ನೇ ಬಿಚ್ಚಿ, ತನ್ನ ಹೊಟ್ಟೆಯಲ್ಲಿ ಹುಟ್ಟಿದವನಿಗೇ ದಾರಿ ಬಿಡು ಎಂದ ಆ ಹೆಂಗಸಿಗೆ ಯಾರಾದರೂ ತಲೆಬಾಗಬೇಕು.

ಈಗ ಇದನ್ನು ಓದುತ್ತಿರುವ ಅಕ್ಕ, ತಂಗಿ, ಅಮ್ಮ, ಅಣ್ಣ, ನಿಮ್ಮನ್ನೇ ಕೇಳುತ್ತಿದ್ದೇವೆ. ಮನೆಗೆ ಒಬ್ಬರು ಬಂದ ಸದ್ದಾದರೆ ನಿಮ್ಮ ಮಾತು ಅರ್ಧಕ್ಕೇ ನಿಲ್ಲುತ್ತದೆಯೇ? ನಿಮ್ಮ ಭುಜ ಒಳಗೆ ಬರುತ್ತದೆಯೇ? ಯಾರೂ ಹೊಡೆದಿಲ್ಲವಲ್ಲ ಎಂದು ನಿಮಗೆ ನೀವೇ ಸಮಾಧಾನ ಹೇಳಿಕೊಳ್ಳಬೇಡಿ. ನಂಬಿಕೆಯ ಒಬ್ಬರಿಗೆ ಹೇಳಿ, ಆರೋಗ್ಯ ಕೇಂದ್ರಕ್ಕೆ ಹೋಗಿ, ನಿಮ್ಮ ಊರಿನ ಮಹಿಳಾ ಸಹಾಯವಾಣಿಯ ನಂಬರನ್ನು ಇವತ್ತೇ ಬಾಯಿಪಾಠ ಮಾಡಿ. ಒಂಟಿಯಾಗಿ ಎದುರು ನಿಲ್ಲುವ ಅವಸರ ಬೇಡ. ಯಾರಾದರೂ ಬಂದು ನಿಮ್ಮ ಬಳಿ "ನಿಂತಿದ್ರು, ನೋಡಿದ್ರು" ಎಂದು ಹೇಳಿಕೊಂಡರೆ ನಗಬೇಡಿ, ನಂಬಿ.

ಬಾಗಿಲಲ್ಲಿ ನಿಲ್ಲುವವರು ನೀವೇ ಆಗಿದ್ದರೆ, ನಿಮಗೂ ಒಂದು ಮಾತು. ಇವತ್ತು ಮನೆಗೆ ಹೋದಾಗ ಯಾರ ನಗು ನಿಂತಿತು ಎಂದು ಗಮನಿಸಿ. ಗಮನಿಸಿದಿರಾದರೆ ಅಲ್ಲಿಂದ ಒಂದು ಹೆಜ್ಜೆ ಪಕ್ಕಕ್ಕೆ ಸರಿಯಿರಿ. ಅವರು ಹೊರಗೆ ಹೋಗಿ ಬರಲಿ.